ಅಫೆನ್ಸ್ ನಿಂತುಹೋಗಿದೆ: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ದೋಷ ಹುಡುಕುವ ಕೈಪಿಡಿ

ಅಮೆರಿಕಕ್ಕೆ ಎಂಎಸ್ ಮಾಡಲು ಹೋಗಿ, ಡಿಗ್ರಿ ಜೊತೆಗೆ ಕಾಲೇಜು ತಂಡದ ಹುಚ್ಚನ್ನೂ ಹತ್ತಿಸಿಕೊಂಡ ಕನ್ನಡದವರು ಕಡಿಮೆ ಏನಿಲ್ಲ. ಕೆಲವರು ಅಲ್ಲೇ ಇದ್ದಾರೆ. ಕೆಲವರು ವಾಪಸ್ ಬಂದಿದ್ದಾರೆ. ಪೂರ್ವ ಕರಾವಳಿಯ ರಾತ್ರಿ 9ರ ಆಟ ಚಳಿಗಾಲದಲ್ಲಿ ಬೆಂಗಳೂರಿಗೆ ಬೆಳಗ್ಗೆ 7.30ಕ್ಕೆ ಬೀಳುತ್ತದೆ. ಆಫೀಸಿಗೆ ಹೊರಡುವ ಹೊತ್ತಿಗೆ ಮೂಡು ಕೆಡುವುದಕ್ಕೆ ಅಷ್ಟು ಸಾಕು.

ಈ ಕೈಪಿಡಿ ಅವರಿಗಾಗಿ. ನಾನೂ ಅವರಲ್ಲೊಬ್ಬ. ನನ್ನ ತಂಡದ ಹೆಸರು ಬೇಡ ಬಿಡಿ, ಅದಕ್ಕೂ ಮಾನ ಇದೆ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವನ್ನು ಇಟ್ಟುಕೊಳ್ಳುತ್ತೇನೆ. ಒಬ್ಬನೇ ಕೋಚ್ ಕೈಯಲ್ಲಿ ಕೆಟ್ಟು, ಸರಿಹೋಗಿ, ಮತ್ತೆ ಕೆಟ್ಟ ಅಫೆನ್ಸ್ (ಚೆಂಡು ಕೈಯಲ್ಲಿರುವಾಗಿನ ದಾಳಿ ಆಟ) ಅದು. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ನಮೂನೆ ಸಿಗುವುದು ಕಷ್ಟ.

ಲಕ್ಷಣಗಳು

ಪಾಯಿಂಟ್ ಗಾರ್ಡ್ (ಆಟ ನಡೆಸುವವನು) ಮೇಲ್ಗಡೆ ನಿಂತು ಚೆಂಡು ತಟ್ಟುತ್ತಿರುತ್ತಾನೆ. ಉಳಿದ ನಾಲ್ವರು ತ್ರೀ ಗೆರೆಯ (ಅದರಾಚೆಯಿಂದ ಹಾಕಿದರೆ ಮೂರು ಪಾಯಿಂಟ್, ಒಳಗಿಂದ ಎರಡು) ಸುತ್ತ ನಿಂತು ಅವನನ್ನೇ ನೋಡುತ್ತಿರುತ್ತಾರೆ. ಚೆಂಡು ಬಲಕ್ಕೆ ಹೋಗುತ್ತದೆ, ಎಡಕ್ಕೆ ಬರುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ಶಾಟ್ ಹಾಕಲು ಉಳಿದ ಸೆಕೆಂಡ್ ತೋರಿಸುವ ಗಡಿಯಾರ ಏಳಕ್ಕೆ ಇಳಿದಾಗ ಎಲ್ಲರಿಗೂ ಎಚ್ಚರವಾಗುತ್ತದೆ. ಸೆಂಟರ್ (ತಂಡದ ಎತ್ತರದ ಆಟಗಾರ) ಓಡಿ ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಗಾರ್ಡ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಗಾರ್ಡ್ ಒಂದು ಹೆಜ್ಜೆ ಒಳಗಿಟ್ಟು, ಇಬ್ಬರ ಕೈ ಮೇಲಿಂದ ಉದ್ದದ ಟೂ ಎಸೆಯುತ್ತಾನೆ. ರಿಮ್ಮಿಗೆ ಬಡಿಯುತ್ತದೆ. ಇದೇ ಮತ್ತೆ ಮತ್ತೆ. ಸ್ಕೋರ್‌ಬೋರ್ಡ್ ಆರು ನಿಮಿಷ ಅಲ್ಲಾಡುವುದಿಲ್ಲ.

ಗಂಡಸರ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ 30 ಸೆಕೆಂಡ್. ಕಬಡ್ಡಿಯ ರೇಡ್‌ಗೂ ಅಷ್ಟೇ ಹೊತ್ತು. ಇಪ್ಪತ್ತೆರಡು ಸೆಕೆಂಡ್ ಗೆರೆಯ ಹತ್ತಿರವೇ ಕಾಲಾಡಿಸಿ, ಕೊನೆಯ ಎಂಟರಲ್ಲಿ ಬೋನಸ್ ಗೆರೆಗೆ ಹಾರುವ ರೇಡರ್‌ನನ್ನು ನೋಡಿದರೆ ನಮ್ಮೂರಿನವರು ಏನಂತಾರೋ, ಅದನ್ನೇ ಅಲ್ಲಿನ ಅಭಿಮಾನಿಗಳೂ ಅಂತಾರೆ.

ಆಮೇಲೆ ಶುರುವಾಗುತ್ತದೆ ಪರಿಹಾರಗಳ ಸುರಿಮಳೆ. ಸ್ಪೀಡ್ ಜಾಸ್ತಿ ಮಾಡಿ. ಜಾಸ್ತಿ ತ್ರೀ ಹಾಕಿ. ತ್ರೀ ಕಡಿಮೆ ಮಾಡಿ. ಬೆಂಚಿನಲ್ಲಿರೋ ಆ ಹುಡುಗನನ್ನ ಇಳಿಸಿ. ಕೋಚ್‌ನ ಕಳಿಸಿ. ಯಾವುದೂ ತಪ್ಪೆಂದು ಹೇಳಲಾರೆ. ಆದರೆ ಎಲ್ಲಿ ಕೆಟ್ಟಿದೆ ಅಂತ ನೋಡದೆ ಹೇಳುವ ಪರಿಹಾರ ಸುಮ್ನೆ ಕೂಗಾಟ.

ಮೊದಲ ಪರೀಕ್ಷೆ: ನಿಧಾನವೋ, ನಿಂತಿದೆಯೋ?

ಇವೆರಡೂ ಬೇರೆ ಬೇರೆ. ಅಭಿಮಾನಿಗಳ ಅರ್ಧ ಜಗಳ ಇವನ್ನು ಒಂದೇ ಅಂದುಕೊಳ್ಳುವುದರಿಂದ ಹುಟ್ಟುತ್ತದೆ.

2018-19ರ ವರ್ಜೀನಿಯಾ ಕಾಲೇಜು ಆಟದ ಮೇಲಿನ ದರ್ಜೆಯಾದ ಇಡೀ ಡಿವಿಜನ್ ಒಂದರಲ್ಲೇ ಅತಿ ನಿಧಾನದ ತಂಡ. ಆದರೂ ಪೊಸೆಷನ್ (ಚೆಂಡು ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಒಂದು ಸರದಿ) ಲೆಕ್ಕದಲ್ಲಿ ಅದರ ಅಫೆನ್ಸ್ ದೇಶದ ಮೊದಲ ಐದರೊಳಗಿತ್ತು. ಆ ವರ್ಷ ಟೆಕ್ಸಸ್ ಟೆಕ್ ತಂಡವನ್ನು ಓವರ್‌ಟೈಮಿನಲ್ಲಿ 85-77ರಿಂದ ಸೋಲಿಸಿ ಚಾಂಪಿಯನ್ ಆಯಿತು. 2024ರ ಚಾಂಪಿಯನ್ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಕೂಡ ವೇಗದ ಪಟ್ಟಿಯಲ್ಲಿ ತುಂಬಾ ಕೆಳಗಿತ್ತು. ಆದರೆ ಆ ತಂಡದಲ್ಲಿ ಚೆಂಡಿಲ್ಲದ ನಾಲ್ವರು ಒಂದು ಸೆಕೆಂಡೂ ಸುಮ್ಮನಿರುತ್ತಿರಲಿಲ್ಲ. ನಿಧಾನ ಇತ್ತು, ನಿಂತಿರಲಿಲ್ಲ.

ಹಾಗಾಗಿ "ಬರೀ 58 ಪಾಯಿಂಟು" ಅಂತ ಬೈಯುವ ಮೊದಲು ಭಾಗಾಕಾರ ಮಾಡಿ. ಪೊಸೆಷನ್ ಎಷ್ಟಾಯಿತು ಅಂತ ಬಾಕ್ಸ್ ಸ್ಕೋರಿನಿಂದಲೇ ಅಂದಾಜು ಮಾಡಬಹುದು. ಎಸೆದ ಶಾಟ್‌ಗಳಿಂದ ಅಫೆನ್ಸಿವ್ ರೀಬೌಂಡ್ (ಬೀಳದ ಶಾಟನ್ನು ತಮ್ಮವರೇ ಹಿಡಿದದ್ದು) ಕಳೆಯಿರಿ. ಟರ್ನ್‌ಓವರ್ (ಶಾಟ್ ಹಾಕದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ. ಫ್ರೀ ಥ್ರೋ ಸಂಖ್ಯೆಯನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ: 55 ಶಾಟ್, 8 ಅಫೆನ್ಸಿವ್ ರೀಬೌಂಡ್, 11 ಟರ್ನ್‌ಓವರ್, 16 ಫ್ರೀ ಥ್ರೋ. 55ರಲ್ಲಿ 8 ಕಳೆದು, 11 ಮತ್ತು 7.6 ಸೇರಿಸಿದರೆ 65.6 ಪೊಸೆಷನ್. ತಂಡ ಗಳಿಸಿದ್ದು 62 ಪಾಯಿಂಟ್ ಆದರೆ ಪೊಸೆಷನ್‌ಗೆ 0.95 ಪಾಯಿಂಟ್.

ಡಿವಿಜನ್ ಒಂದರ ಸರಾಸರಿ ಪೊಸೆಷನ್‌ಗೆ ಒಂದು ಪಾಯಿಂಟಿಗಿಂತ ಸ್ವಲ್ಪ ಮೇಲೆ. ನಿಮ್ಮ ತಂಡ 1.1 ಮುಟ್ಟುತ್ತಿದ್ದರೆ ದೋಷ ಇಲ್ಲ. ಆಟ ನೋಡಲು ಬೇಜಾರು ಅಷ್ಟೇ. ಬೇಜಾರಿಗೆ ಈ ಕೈಪಿಡಿಯಲ್ಲಿ ಮದ್ದಿಲ್ಲ. ಸರಾಸರಿಗಿಂತ ಕೆಳಗಿದ್ದರೆ ಮುಂದಕ್ಕೆ ಬನ್ನಿ.

(ನಿಲ್ಲುವುದೇ ತಂತ್ರವಾಗಿದ್ದ ಕಾಲವೂ ಇತ್ತು. 1982ರ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅನ್ನುವ ಲೀಗ್) ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ನಿಮಿಷಗಟ್ಟಲೆ ಚೆಂಡು ಹಿಡಿದುಕೊಂಡು ಇದೇ ವರ್ಜೀನಿಯಾವನ್ನು 47-45ರಿಂದ ಸೋಲಿಸಿತು. ಮೈಕೆಲ್ ಜೋರ್ಡನ್ ಆ ತಂಡದಲ್ಲಿದ್ದರು! ಜನಕ್ಕೆ ಅಷ್ಟು ರೇಗಿದ ಮೇಲೆಯೇ 1985-86ರಲ್ಲಿ ದೇಶಾದ್ಯಂತ 45 ಸೆಕೆಂಡಿನ ಗಡಿಯಾರ ಬಂದದ್ದು. 1993-94ಕ್ಕೆ ಅದು 35 ಆಯಿತು, 2015-16ಕ್ಕೆ 30.)

ಪೆನ್ನು ಹಿಡಿದು ನೋಡುವ ಪರೀಕ್ಷೆ

ಇದಕ್ಕೆ ರೆಕಾರ್ಡ್ ಆದ ಆಟ ಬೇಕು. ನೇರ ಪ್ರಸಾರದಲ್ಲಿ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ, ಇಪ್ಪತ್ತು ಪೊಸೆಷನ್ ಬರೆದುಕೊಳ್ಳಿ.

ಮೊದಲ ಕಾಲಂನಲ್ಲಿ, ಡಿಫೆನ್ಸ್ ಮೊದಲ ಸಲ ಕದಲಿದಾಗ ಗಡಿಯಾರ ಎಷ್ಟು ತೋರಿಸುತ್ತಿತ್ತು ಅಂತ ಬರೆಯಿರಿ. ಸುಮ್ನೆ ಪಾಸ್ ಮಾಡಿದ್ದು ಲೆಕ್ಕಕ್ಕಿಲ್ಲ. ಒಬ್ಬ ಡಿಫೆಂಡರ್ ಆದರೂ ತನ್ನ ಆಳನ್ನು ಬಿಟ್ಟು ಬೇರೆಯವರ ಸಹಾಯಕ್ಕೆ ಹೆಜ್ಜೆ ಹಾಕಿರಬೇಕು. ಎರಡನೆಯದರಲ್ಲಿ, ಚೆಂಡು ಪೇಂಟ್ (ರಿಮ್ ಮುಂದಿನ ಆಯತ) ಮುಟ್ಟಿತೇ ಇಲ್ಲವೇ ಅಂತ. ಡ್ರೈವ್ ಮಾಡಿ ಹೋದರೂ ಸರಿ, ಪೋಸ್ಟ್‌ಗೆ, ಅಂದರೆ ರಿಮ್ ಹತ್ತಿರ ನಿಂತವನಿಗೆ, ಪಾಸ್ ಮಾಡಿದರೂ ಸರಿ. ಮೂರನೆಯದರಲ್ಲಿ ಶಾಟ್ ಹೋದಾಗ ಗಡಿಯಾರ ಎಷ್ಟಿತ್ತು, ಕೈ ಅಡ್ಡ ಇತ್ತೇ ಅಂತ.

ಹಾಳೆ ತುಂಬಿದ ಮೇಲೆ ದೋಷ ತಾನಾಗಿಯೇ ಕಾಣುತ್ತದೆ. ಮೊದಲ ಕಾಲಂ ತುಂಬ 10, 9, 8 ಇದ್ದರೆ ಶುರುವೇ ತಡ. ಮೊದಲ ಕಾಲಂ ಚೆನ್ನಾಗಿದ್ದು ಎರಡನೆಯದು ಖಾಲಿ ಇದ್ದರೆ ಜಾಗದ ಸಮಸ್ಯೆ. ಎರಡೂ ಚೆನ್ನಾಗಿದ್ದು, ಶಾಟ್ ಕೈ ಅಡ್ಡವಿಲ್ಲದೆ ಹೋಗಿದ್ದರೂ ಬೀಳದಿದ್ದರೆ, ಅದು ಬೇರೆಯೇ ಕಥೆ. ಅದಕ್ಕೆ ಆಮೇಲೆ ಬರೋಣ.

ಶುರುವೇ ತಡವಾಗಿದ್ದರೆ

ಸುಲಭವಾಗಿ ಸಿಗುವ ದೋಷ ಇದು. ಸರಿಮಾಡುವುದೂ ಸುಲಭ. ಎದುರಾಳಿ ಪೂರ್ತಿ ಕೋರ್ಟಿನಲ್ಲಿ ಹಗುರವಾಗಿ ಪ್ರೆಸ್ ಮಾಡುತ್ತಾರೆ, ಅಂದರೆ ಚೆಂಡು ತರುವವನನ್ನು ದೂರದಿಂದಲೇ ಅಡ್ಡಗಟ್ಟುತ್ತಾರೆ. ಅವರಿಗೆ ಚೆಂಡು ಕಸಿಯುವ ಆಸೆಯೂ ಇಲ್ಲ. ಎಂಟು ಸೆಕೆಂಡ್ ತಿನ್ನಿಸಿದರೆ ಸಾಕು. ಅರ್ಧ ಗೆರೆ ದಾಟಲು 10 ಸೆಕೆಂಡ್ ಸಮಯ ಇದೆಯಲ್ಲ ಅಂತ ನಿಮ್ಮ ಗಾರ್ಡ್ ಆರಾಮಾಗಿ ನಡೆದು ಬರುತ್ತಾನೆ. ಬಂದು ಬೆಂಚ್ ಕಡೆ ತಿರುಗಿ ನೋಡುತ್ತಾನೆ. ಕೋಚ್ ಬೆರಳು ತೋರಿಸಿ ಪ್ಲೇ ಹೇಳುತ್ತಾರೆ. ಎಲ್ಲರೂ ಜಾಗಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಗಡಿಯಾರ 16. ಆ ಪ್ಲೇ ಒಡೆದರೆ ಎರಡನೆಯದಕ್ಕೆ ಸಮಯವೇ ಇಲ್ಲ.

ಪರಿಹಾರ: ಚೆಂಡನ್ನು ಡ್ರಿಬಲ್ ಮಾಡಿ ತರುವ ಬದಲು ಮುಂದೆ ಓಡುವವನಿಗೆ ಪಾಸ್ ಮಾಡುವುದು. ಹಿಂದೆ ಓಡಿ ಬರುವ ಸೆಂಟರ್ ನಿಲ್ಲದೆ ಹಾಗೇ ಬಾಲ್ ಸ್ಕ್ರೀನ್ (ಚೆಂಡಿರುವವನಿಗೆ ನೆರವಾಗುವ ಸ್ಕ್ರೀನ್) ಹಾಕುವುದು, ಡಿಫೆನ್ಸ್ ಕೂತುಕೊಳ್ಳುವ ಮೊದಲೇ. ಇದಕ್ಕೆ ತಂಡ ವೇಗವಾಗಿ ಶಾಟ್ ಹಾಕಬೇಕಾಗಿಯೂ ಇಲ್ಲ. ಬೇಗ ಶುರುಮಾಡಿ, ತಡವಾಗಿ ಮುಗಿಸಬಹುದು.

ಜಾಗ ಇಲ್ಲದಿದ್ದರೆ

ನನ್ನ ಪ್ರಕಾರ ಹೆಚ್ಚಿನ ತಂಡಗಳ ಕಾಯಿಲೆ ಇಲ್ಲಿದೆ. ಅಭಿಮಾನಿಗಳು ಕಡಿಮೆ ನೋಡುವುದೂ ಇಲ್ಲೇ, ಯಾಕೆಂದರೆ ಇದು ಚೆಂಡಿನಿಂದ ದೂರ ನಡೆಯುತ್ತದೆ.

ವಿಡಿಯೋ ನಿಲ್ಲಿಸಿ. ಚೆಂಡು ಒಂದು ವಿಂಗ್‌ನಲ್ಲಿ (ಕೋರ್ಟಿನ ಒಂದು ಪಕ್ಕದಲ್ಲಿ) ಇದ್ದಾಗ, ಇನ್ನೊಂದು ಬದಿಯ ಕಾರ್ನರ್‌ನಲ್ಲಿ ನಿಂತ ನಿಮ್ಮ ಆಟಗಾರನನ್ನು ನೋಡಬೇಡಿ. ಅವನನ್ನು ಕಾಯಬೇಕಾದ ಡಿಫೆಂಡರ್ ಎಲ್ಲಿದ್ದಾನೆ ನೋಡಿ. ಎರಡೂ ಕಾಲು ಪೇಂಟ್ ಒಳಗಿದೆಯಾ? ಹಾಗಿದ್ದರೆ ನಿಮ್ಮವನ ಶಾಟ್‌ಗೆ ಅವರು ಬೆಲೆಯನ್ನೇ ಕೊಟ್ಟಿಲ್ಲ. ಕಾಗದದ ಮೇಲೆ ಐವರಿಗೆ ಐವರು. ರಿಮ್ ಹತ್ತಿರ ನಾಲ್ವರಿಗೆ ಐವರು. ಶಾಟ್ ಬಾರದವರು ಇಬ್ಬರು ಒಟ್ಟಿಗೆ ಆಡುತ್ತಿದ್ದರಂತೂ ಡ್ರೈವ್ ಮಾಡಲು ಸಂದಿಯೇ ಇರುವುದಿಲ್ಲ.

ಎನ್‌ಬಿಎ ನೋಡಿ ಬಂದವರಿಗೆ ಇಲ್ಲಿ ಒಂದು ಗೊಂದಲ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಂತರೆ ತಪ್ಪು. ಕಾಲೇಜಿನಲ್ಲಿ ಆ ನಿಯಮವಿಲ್ಲ. ದೊಡ್ಡ ಸೆಂಟರ್ ರಿಮ್ ಕೆಳಗೆ ಮನೆಮಾಡಿಕೊಂಡು ಇರಬಹುದು. ಹಾಗಾಗಿ ಹೊರಗಿನ ಶಾಟ್ ಇಲ್ಲದ ಆಟಗಾರ ಎನ್‌ಬಿಎಗಿಂತ ಕಾಲೇಜಿನಲ್ಲಿ ಜಾಸ್ತಿ ಹೊರೆ. 2019-20ರಿಂದ ಗಂಡಸರ ಆಟದಲ್ಲಿ ತ್ರೀ ಗೆರೆ 6.75 ಮೀಟರ್‌ಗೆ, ಅಂದರೆ ನಮ್ಮಲ್ಲಿ ಆಡುವ ಅಂತರರಾಷ್ಟ್ರೀಯ ಗೆರೆಯಷ್ಟೇ ದೂರಕ್ಕೆ ಹೋಯಿತು. ಜಾಗ ಸಿಗಲಿ ಅನ್ನೋದೂ ಅದರ ಒಂದು ಉದ್ದೇಶ. ಅಷ್ಟು ದೂರದಿಂದ ಹಾಕುವವರಿದ್ದರೆ ಜಾಗ ಸಿಗುತ್ತದೆ, ನಿಜ. ಇಲ್ಲದಿದ್ದರೆ ಡಿಫೆಂಡರ್ ಇನ್ನೊಂದು ಹೆಜ್ಜೆ ಒಳಗೆ ಸರಿಯುತ್ತಾನೆ.

ವರ್ಜೀನಿಯಾ ಇಲ್ಲಿ ಪಾಠದಂತಿದೆ. 2019ರಲ್ಲಿ ಗೆದ್ದ ತಂಡದಲ್ಲಿ ಕೈಲ್ ಗೈ, ಟೈ ಜೆರೋಮ್, ಡಿ'ಆಂಡ್ರೆ ಹಂಟರ್ ಇದ್ದರು. ಮೂವರೂ ತ್ರೀಗಳಲ್ಲಿ ಶೇಕಡಾ 40ರ ಆಸುಪಾಸು ಹಾಕುವವರು. ಮೂವರನ್ನೂ ಬಿಟ್ಟು ಬರಲು ಡಿಫೆಂಡರ್‌ಗೆ ಧೈರ್ಯವಿಲ್ಲ. ಆ ಬೇಸಿಗೆ ಮೂವರೂ ಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹೋದರು. ಕೋಚ್ ಟೋನಿ ಬೆನೆಟ್ ಅಲ್ಲೇ ಇದ್ದರು. ಪದ್ಧತಿಯೂ ಅದೇ. ಮುಂದಿನ ಸೀಸನ್ನಿನ ಮೊದಲ ಆಟದಲ್ಲಿ ಸಿರಾಕ್ಯೂಸ್ ಮೇಲೆ 48-34ರಿಂದ ಗೆದ್ದರು. ಗೆದ್ದದ್ದು ನಿಜ, ಆದರೆ 48! ಡಿಸೆಂಬರಿನಲ್ಲಿ ಪರ್ಡ್ಯೂ ವಿರುದ್ಧ 69-40ರಿಂದ ಸೋತರು. ಅದೇ ಸ್ಕ್ರೀನ್, ಅದೇ ಕಟ್. ಈಗ ಡಿಫೆಂಡರ್‌ಗಳು ಯಾರ ಹಿಂದೆಯೂ ಓಡಬೇಕಾಗಿರಲಿಲ್ಲ, ಒಳಗೆ ಕಾದು ನಿಂತರೆ ಸಾಕಿತ್ತು.

"ಪ್ಲೇಗಳು ಹಳೇವು" ಅಂತ ಕೂಗುವವರಿಗೆ ಇದನ್ನು ತೋರಿಸಿ. ಹಳೆಯ ಪ್ಲೇಗಳೇ ಕಪ್ಪು ತಂದಿದ್ದವು.

ಪರಿಹಾರ ಸೀಸನ್ ಮಧ್ಯೆ ಪೂರ್ತಿ ಸಿಗುವುದಿಲ್ಲ. ಶೂಟರ್‌ಗಳನ್ನು ಜನವರಿಯಲ್ಲಿ ಅಂಗಡಿಯಿಂದ ತರಲಾಗದು. ಆದರೆ ನೋವು ಕಡಿಮೆ ಮಾಡಬಹುದು. ಶಾಟ್ ಬಾರದವನನ್ನು ಕಾರ್ನರ್‌ನಲ್ಲಿ ನಿಲ್ಲಿಸಬೇಡಿ. ಅವನನ್ನೇ ಸ್ಕ್ರೀನ್ ಹಾಕಲು ಬಳಸಿ. ಅವನ ಡಿಫೆಂಡರ್ ದೂರ ಪೇಂಟ್‌ನಲ್ಲಿ ಕಾದಿದ್ದರೆ, ಸ್ಕ್ರೀನ್ ಹಿಂದಿಂದ ಬರುವ ಶೂಟರ್‌ಗೆ ಅಡ್ಡ ಬರಲು ಅಲ್ಲಿ ಯಾರೂ ಇರುವುದಿಲ್ಲ. ಇಲ್ಲವೇ ಅವನನ್ನು ಬೇಸ್‌ಲೈನ್ ಹತ್ತಿರ, ರಿಮ್ಮಿನ ಪಕ್ಕಕ್ಕೆ ಇಳಿಸಿ. ಸಹಾಯಕ್ಕೆ ಡಿಫೆಂಡರ್ ಮೇಲೆ ಹೋದ ತಕ್ಷಣ ಅಲ್ಲಿಗೊಂದು ಸಣ್ಣ ಪಾಸ್. ಇಷ್ಟೂ ಮಾಡದೆ ಅವನನ್ನು ಕಾರ್ನರ್‌ಗೆ ಅಂಟಿಸಿ ಇಡುವ ಕೋಚ್ ಮೇಲೆ ಮಾತ್ರ ನೀವು ರೇಗುವುದು ನ್ಯಾಯ.

ಓಡಾಟ ಇದೆ, ಆದರೂ ನಿಂತ ಹಾಗಿದೆ

ಎಲ್ಲರೂ ಓಡುತ್ತಿದ್ದಾರೆ. ಸ್ಕ್ರೀನ್ ಹಾಕುತ್ತಿದ್ದಾರೆ. ಚೆಂಡು ಕೈಯಿಂದ ಕೈಗೆ ಹೋಗುತ್ತಿದೆ. ಆದರೆ ಎಲ್ಲವೂ ರಿಮ್ಮಿನಿಂದ ಎಂಟು ಮೀಟರ್ ಆಚೆ. ಸ್ಕ್ರೀನ್ ಹಾಕುವವನು ಯಾರನ್ನೂ ಮುಟ್ಟುವುದೇ ಇಲ್ಲ. ಡಿಫೆನ್ಸಿಗೆ ಇದು ವ್ಯಾಯಾಮ, ಅಷ್ಟೇ.

ಇಲ್ಲಿ ನೋಡಬೇಕಾದ್ದು ಒಂದೇ: ಡಿಫೆಂಡರ್ ಪಾಸ್ ದಾರಿಗೆ ಕೈ ಚಾಚಿ ಅಡ್ಡ ನಿಂತಾಗ ನಿಮ್ಮವನು ಏನು ಮಾಡುತ್ತಾನೆ? ಇನ್ನೂ ಹೊರಗೆ ಬಂದು ಚೆಂಡು ಕೇಳುತ್ತಾನಾ, ಇಲ್ಲಾ ಅವನ ಬೆನ್ನ ಹಿಂದಿಂದ ರಿಮ್ ಕಡೆ ಓಡುತ್ತಾನಾ? ಹೊರಗೆ ಬಂದರೆ ಅಫೆನ್ಸ್ ಅರ್ಧ ಗೆರೆಯ ಕಡೆ ತಳ್ಳಿಸಿಕೊಳ್ಳುತ್ತಾ ಹೋಗುತ್ತದೆ. ಹಿಂದಿಂದ ಓಡುವುದು ಬ್ಯಾಕ್‌ಡೋರ್ ಕಟ್. 1996ರಲ್ಲಿ ಪ್ರಿನ್ಸ್‌ಟನ್ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ ತಂಡವನ್ನು 43-41ರಿಂದ ಮನೆಗೆ ಕಳಿಸಿದ್ದು ಕೊನೆಯ ಗಳಿಗೆಯ ಇಂಥದ್ದೇ ಒಂದು ಕಟ್‌ನಿಂದ. 43 ಪಾಯಿಂಟ್ ಅಷ್ಟೇ, ಆದರೂ ಆ ಅಫೆನ್ಸ್ ನಿಂತಿತ್ತು ಅಂತ ಯಾರೂ ಹೇಳಲಿಲ್ಲ.

ಎದುರಾಳಿ ಪ್ರತಿ ಸ್ಕ್ರೀನಿಗೂ ಆಳು ಬದಲಾಯಿಸಿಕೊಳ್ಳುತ್ತಿದ್ದರೆ, ಸ್ಕ್ರೀನ್ ಹಾಕುವಂತೆ ಬಂದು ಹಾಕದೆ ಒಳಗೆ ಜಾರಬೇಕು. ಇದನ್ನು ಸ್ಲಿಪ್ ಅಂತಾರೆ. ನಿಮ್ಮ ತಂಡ ಒಂದು ಆಟದಲ್ಲಿ ಒಂದು ಸಲವೂ ಸ್ಲಿಪ್ ಮಾಡದಿದ್ದರೆ, ಅಭ್ಯಾಸದಲ್ಲಿ ಪ್ಲೇ ಬಾಯಿಪಾಠ ಆಗಿದೆ, ಎದುರಿಗಿರುವ ಡಿಫೆನ್ಸನ್ನು ಓದುವುದು ಕಲಿತಿಲ್ಲ ಅಂತ ಅರ್ಥ.

ಝೋನ್ ಬಂದಾಗ ಮಾತ್ರ ನಿಲ್ಲುತ್ತದೆಯೇ?

ಝೋನ್ ಅಂದರೆ ಡಿಫೆಂಡರ್‌ಗಳು ಆಳನ್ನಲ್ಲ, ಜಾಗವನ್ನು ಕಾಯುವುದು. ಇದು ಚಿಕ್ಕ ದೋಷ. ಚೆಂಡು ಫ್ರೀ ಥ್ರೋ ಗೆರೆಯ ನಡುವೆ ಹೋಗುತ್ತಿದೆಯೇ ನೋಡಿ. ಅಲ್ಲಿ ಎತ್ತರವಿದ್ದು, ಕಣ್ಣು ತೆರೆದು ಪಾಸ್ ಮಾಡಬಲ್ಲವನು ನಿಲ್ಲಬೇಕು. ಹೊರಗಷ್ಟೇ ಪಾಸ್ ಮಾಡಿ ತ್ರೀ ಎಸೆಯುತ್ತಿದ್ದರೆ ಎದುರಾಳಿ ಝೋನ್ ಬಿಡುವುದೇ ಇಲ್ಲ, ಯಾಕೆ ಬಿಡಬೇಕು?

ಯಾವ ಐವರು ಆಡುತ್ತಿದ್ದರು?

ಬರಗಾಲದ ಆ ಆರು ನಿಮಿಷದಲ್ಲಿ ಕೋರ್ಟಿನಲ್ಲಿ ಯಾರಿದ್ದರು ಅಂತ ಬರೆದುಕೊಂಡು ನೋಡಿ. ಕಾಲೇಜಿನಲ್ಲಿ ಐದು ಫೌಲ್‌ಗೆ ಆಟಗಾರ ಹೊರಗೆ. ಮೊದಲ ಹಾಫ್‌ನಲ್ಲಿ ಎರಡು ಆದರೆ ಹೆಚ್ಚಿನ ಕೋಚ್‌ಗಳು ಅವನನ್ನು ಹಾಫ್‌ಟೈಮ್‌ವರೆಗೆ ಕೂರಿಸಿಬಿಡುತ್ತಾರೆ. ಎಂಟು ನಿಮಿಷ ಒಳ್ಳೆಯ ಗಾರ್ಡ್ ಬೆಂಚಿನಲ್ಲಿ ನೀರು ಕುಡಿಯುತ್ತಾ ಕೂತಿದ್ದರೆ, ಅದನ್ನು ಅಫೆನ್ಸಿನ ದೋಷ ಅನ್ನುವುದು ಹೇಗೆ? ಅದು ಕೋಚಿನ ಭಯ. ಎರಡು ಫೌಲ್ ಇಟ್ಟುಕೊಂಡು ಆಟ ಮುಗಿಸಿದವನಿಗೆ ಮಿಕ್ಕ ಮೂರು ಫೌಲ್‌ಗೆ ಬಡ್ಡಿ ಏನೂ ಸಿಗುವುದಿಲ್ಲ.

ಪ್ರತಿ ಹಾಫ್‌ನಲ್ಲಿ 16, 12, 8, 4 ನಿಮಿಷ ಉಳಿದ ಮೇಲೆ ಬರುವ ಟಿವಿ ಟೈಮ್‌ಔಟ್‌ಗಳನ್ನು ಗುರುತಿಟ್ಟುಕೊಂಡರೆ ಸುಲಭ. ಬೆಂಚಿನವರು ಒಟ್ಟಿಗೆ ಇಳಿಯುವುದು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ. ಪ್ರತಿ ಆಟದಲ್ಲೂ ಅದೇ ಹೊತ್ತಿಗೆ ತಂಡ ಒಣಗುತ್ತಿದ್ದರೆ ಪ್ಲೇ ಬದಲಿಸಬೇಕಿಲ್ಲ, ಬದಲಿಗಳನ್ನು ಒಬ್ಬೊಬ್ಬರಾಗಿ ಇಳಿಸಿದರೆ ಸಾಕು.

ದೋಷದಂತೆ ಕಾಣುವ, ದೋಷವಲ್ಲದ ರಾತ್ರಿ

ಎದುರಿಗೆ ಕೈ ಇಲ್ಲದ ತ್ರೀಗಳು ಬೀಳದಿದ್ದರೆ ಅದಕ್ಕೆ ಯಾವ ರಿಪೇರಿಯೂ ಇಲ್ಲ. ದೇಶದ ಸರಾಸರಿಯೇ ನೂರಕ್ಕೆ 34ರ ಸುತ್ತ. ಒಂದು ರಾತ್ರಿ ಅದು 18 ಆಗಬಹುದು.

2018ರ ಮಾರ್ಚ್ 16ರಂದು ಷಾರ್ಲೆಟ್‌ನಲ್ಲಿ ಆದದ್ದರಲ್ಲಿ ಸ್ವಲ್ಪ ಇದೂ ಇದೆ. 31 ಗೆಲುವು, ಎರಡೇ ಸೋಲಿನೊಂದಿಗೆ ಬಂದಿದ್ದ ಮೊದಲ ಸೀಡ್ (ಟೂರ್ನಿಯ ಶ್ರೇಯಾಂಕ) ವರ್ಜೀನಿಯಾ, 16ನೇ ಸೀಡ್ ಯುಎಂಬಿಸಿ ಎದುರು 74-54ರಿಂದ ಸೋತಿತು. ಗಂಡಸರ ಟೂರ್ನಿಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. 22 ತ್ರೀಗಳಲ್ಲಿ ಬಿದ್ದದ್ದು 4. ಹಂಟರ್ ಮಣಿಕಟ್ಟು ಮುರಿದುಕೊಂಡು ಆಡಿರಲಿಲ್ಲ.

ಇಷ್ಟನ್ನೇ ಹಿಡಿದು ದುರದೃಷ್ಟ ಅಂದುಬಿಡಬಹುದಿತ್ತು. ಆದರೆ ಹಾಫ್‌ಟೈಮಿನಲ್ಲಿ ಸ್ಕೋರ್ 21-21. ಎರಡನೇ ಹಾಫ್‌ನಲ್ಲಿ ಹಿಂದೆ ಬಿದ್ದಾಗ ಬೇಗ ಪಾಯಿಂಟ್ ಗಳಿಸುವ ದಾರಿ ಆ ತಂಡದ ಹತ್ತಿರ ಇರಲಿಲ್ಲ. ಮುಂದೆ ಇರುವಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದ ನಿಧಾನದ ಅಫೆನ್ಸ್, ಹಿಂದೆ ಬಿದ್ದಾಗ ಕೊರಳಿಗೆ ಹಗ್ಗವಾಯಿತು. ಬೆನೆಟ್ ಎರಡನ್ನೂ ಬೇರೆ ಮಾಡಿ ನೋಡಿದರು ಅನಿಸುತ್ತದೆ. ಪದ್ಧತಿ ಕಿತ್ತು ಬಿಸಾಡಲಿಲ್ಲ. ಮುಂದಿನ ಸೀಸನ್ನಿನಲ್ಲಿ ಹಳೆಯದರ ಜೊತೆಗೆ ಬಾಲ್ ಸ್ಕ್ರೀನ್ ಆಟವನ್ನು ಜಾಸ್ತಿ ಸೇರಿಸಿದರು. ಅದೇ ವರ್ಷ ಕಪ್ಪು ಬಂತು.

2024ರ ಮಾರ್ಚ್‌ನಲ್ಲಿ ಡೇಟನ್‌ನಲ್ಲಿ ಕೊಲೊರಾಡೊ ಸ್ಟೇಟ್ ಎದುರು ಅದೇ ತಂಡ ಮೊದಲ ಹಾಫ್‌ನಲ್ಲಿ ಗಳಿಸಿದ್ದು 14. ಕೊನೆಗೆ 67-42ರಿಂದ ಸೋತಿತು. ಆ ರಾತ್ರಿ ವರ್ಜೀನಿಯಾ ಅಭಿಮಾನಿಗಳ ಬಾಯಲ್ಲಿ ಬಂದದ್ದನ್ನು ಕನ್ನಡದಲ್ಲಿ ಅಚ್ಚು ಹಾಕುವ ಹಾಗಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಬೆನೆಟ್ ನಿವೃತ್ತಿ ಹೇಳಿದರು.

ಎಷ್ಟು ದಿನ ಕಾಯಬೇಕು?

ಸೀಸನ್ ನವೆಂಬರ್ ಮೊದಲ ವಾರದಲ್ಲಿ ಶುರು. ಮೊದಲು ಆಗಿದ್ದರೆ ಡಿಸೆಂಬರ್ ಹೊತ್ತಿಗೇ ತೀರ್ಪು ಕೊಡಬಹುದಿತ್ತು. ಈಗ ಆಗದು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು. 2024ರಿಂದ ಎಷ್ಟು ಸಲ ಬೇಕಾದರೂ. ಬೇಸಿಗೆಯಲ್ಲಿ ಬಂದ ಏಳೆಂಟು ಹೊಸಬರು ನವೆಂಬರಿನಲ್ಲಿ ಒಬ್ಬರ ಕಣ್ಸನ್ನೆ ಇನ್ನೊಬ್ಬರಿಗೆ ತಿಳಿಯದೆ ನಿಂತರೆ ಆಶ್ಚರ್ಯವೇನಿಲ್ಲ. ಕಾನ್ಫರೆನ್ಸ್ (ತಮ್ಮ ಲೀಗಿನೊಳಗಿನ) ಆಟಗಳು ಶುರುವಾದ ಮೇಲೆ, ಜನವರಿ ಕೊನೆಯಲ್ಲಿ ಮತ್ತೊಂದು ಹಾಳೆ ತೆಗೆದು ಅದೇ ಮೂರು ಕಾಲಂ ತುಂಬಿ. ಎರಡೂ ಹಾಳೆ ಪಕ್ಕಪಕ್ಕ ಇಡಿ. ಪಾಯಿಂಟ್ ಹೆಚ್ಚಾಯಿತೇ ಅಂತ ನೋಡಬೇಡಿ, ಅದು ಎದುರಾಳಿ ಯಾರು ಅನ್ನೋದರ ಮೇಲೂ ಹೋಗುತ್ತದೆ. ಡಿಫೆನ್ಸ್ ಮೊದಲ ಸಲ ಕದಲಿದ್ದು 9ರಿಂದ 18ಕ್ಕೆ ಏರಿದೆಯಾ ನೋಡಿ. ಏರಿದ್ದರೆ ತಂಡ ಸರಿದಾರಿಯಲ್ಲಿದೆ, ಸೋಲುತ್ತಿದ್ದರೂ. ಏರಿಲ್ಲದಿದ್ದರೆ ಈಗ ಕೂಗಬಹುದು, ಕಾರಣ ಸಮೇತ.

ಹಾಳೆಯಲ್ಲಿ ಏನೂ ಸಿಗದಿದ್ದರೆ

ಇನ್ನೊಂದು ಕಡೆ ನೋಡಿ. ಪ್ರತಿ ಪೊಸೆಷನ್ ಶುರುವಾಗುವಾಗ ನಿಮ್ಮ ತಂಡ ಚೆಂಡನ್ನು ಎಲ್ಲಿಂದ ತೆಗೆದುಕೊಂಡಿತು? ರೀಬೌಂಡ್ ಹಿಡಿದು ಓಡಿತೇ, ಇಲ್ಲಾ ಎದುರಾಳಿಯ ಬ್ಯಾಸ್ಕೆಟ್ ಬಿದ್ದ ಮೇಲೆ ಬಲೆಯ ಕೆಳಗಿನಿಂದ ಎತ್ತಿಕೊಂಡು ಬಂತೇ? ಬಲೆಯಿಂದ ಎತ್ತಿದ ಪ್ರತಿ ಸಲವೂ ಎದುರಿಗೆ ಐವರು ಸಾಲಾಗಿ ಸಿದ್ಧರಾಗಿರುತ್ತಾರೆ. ಆಗ ಎಂಥ ಅಫೆನ್ಸೂ ನಿಂತ ಹಾಗೇ ಕಾಣುತ್ತದೆ. ಇಪ್ಪತ್ತರಲ್ಲಿ ಹನ್ನೆರಡು ಸಲ ಹೀಗಾಗಿದ್ದರೆ ನೀವು ಹುಡುಕುತ್ತಿರುವ ದೋಷ ನಿಮ್ಮ ಡಿಫೆನ್ಸಿನಲ್ಲಿದೆ. ಅದಕ್ಕೆ ಕಾಲಂಗಳೇ ಬೇರೆ.